ಸಕ್ಕರೆ ಇಲಿಯ ಡಾಕ್ಟ್ರಮ್ಮ

ಅವಳ ತಿಥಿಗೆಂದು ಅಮೃತೂರಿಗೆ ಹೋದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕಾರುಗಳು. ಅವಳ ಅಣ್ಣನ ಮನೆಯ ರಸ್ತೆಯುದ್ದಕ್ಕೂ ಎರಡೂ ಬದಿಗೆ ನಿಂತಿದ್ದವು. ಮೈಸೂರಿನವು, ಬೆಂಗಳೂರಿನವು, ಹೈದರಾಬಾದಿನದೂ ಒಂದಿತ್ತು. ಶಾಮಿಯಾನದ ಕೆಳಗೆ ಎಲೆಯ ಮುಂದೆ ಕೂತವರಲ್ಲಿ ಊರಿನವರೆಷ್ಟೋ ಹೊರಗಿನವರೂ ಅಷ್ಟೇ. ನನ್ನ ಪಕ್ಕದಲ್ಲಿದ್ದ ಊರಿನ ಹೆಂಗಸೊಬ್ಬರು ಮೊಣಕೈಯಿಂದ ಮೆಲ್ಲಗೆ ತಿವಿದು ಕೇಳಿದರು.

"ಇವ್ರೆಲ್ಲ ಯಾರವ್ವಾ? ನಮ್ ಡಾಕ್ಟ್ರಮ್ಮಂಗೆ ಏನಾಗ್ಬೇಕು?"

"ಇಲಿ ಈಸ್ಕೊಂಡು ಹೋದೋರು" ಎಂದೆ.

ಆಕೆ ನನ್ನ ಮುಖವನ್ನು ಒಂದು ಸಲ ನೋಡಿ ಅನ್ನ ಕಲಸತೊಡಗಿದರು.

ನಾನು ಉಣ್ಣುತ್ತಲೇ ಯೋಚಿಸುತ್ತಿದ್ದೆ. ನನ್ನ ತಿಥಿಗೆ ಇಷ್ಟು ಕಾರು ಬರುತ್ತವೆಯೇ? ಗುಬ್ಬಿಯ ನಮ್ಮ ನೆಂಟರು ಬಸ್ಸಿನಲ್ಲಿ ಬರುತ್ತಾರೆ. ತುಮಕೂರಿನ ಸಹೋದ್ಯೋಗಿಗಳು ಒಂದು ಟೆಂಪೊ ಮಾಡಿಕೊಂಡು ಬಂದು, ಊಟ ಮುಗಿಸಿ, ಮೂರು ಗಂಟೆಯೊಳಗೆ ಹೊರಟುಬಿಡುತ್ತಾರೆ. ಸತ್ತವಳ ಮೇಲೂ ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ, ಹೌದು. ಬದುಕಿದ್ದಾಗ ವರ್ಷಗಟ್ಟಲೆ ಪಟ್ಟಿದ್ದೇನೆ, ಈಗ ಏಕಾಏಕಿ ನಿಲ್ಲಿಸು ಎಂದರೆ ಹೇಗೆ?

ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ವಿಜ್ಞಾನದ ಲೋಕದಲ್ಲಿ ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದನ್ನು ಸೈಟೇಷನ್ ಎನ್ನುತ್ತಾರೆ. ಹಾಗೆ ಎಷ್ಟು ಜನ ಹೆಸರಿಸಿದ್ದಾರೆ ಎನ್ನುವುದರ ಮೇಲೆ ನಮಗೆ ಬೆಲೆ ಕಟ್ಟುತ್ತಾರೆ. ಹೆಸರು ಬರೆದು ಅವಳ ಖಾತೆಗೆ ಇನ್ನೊಂದನ್ನು ನಾನೇ ಜಮಾ ಮಾಡಲೇ? ಅಷ್ಟು ಒಳ್ಳೆಯವಳು ನಾನಲ್ಲ.

ನಮ್ಮದು ತುಮಕೂರಿನ ಅಂಚಿನಲ್ಲಿ, ಸತ್ಯಮಂಗಲದ ಸಣ್ಣಪುಟ್ಟ ಕಾರ್ಖಾನೆಗಳ ನಡುವೆ ಒಂದು ಟ್ರಸ್ಟು ನಡೆಸುವ ಸಂಶೋಧನಾ ಕೇಂದ್ರ. ಒಂದು ಪಕ್ಕದಲ್ಲಿ ಸಿಮೆಂಟ್ ಇಟ್ಟಿಗೆ ಮಾಡುತ್ತಾರೆ, ಇನ್ನೊಂದು ಪಕ್ಕದಲ್ಲಿ ಪ್ಲಾಸ್ಟಿಕ್ ಕೊಡ. ನಾನು ಔಷಧಗಳ ಮೇಲೆ ಕೆಲಸ ಮಾಡುವವಳು. ಅವಳು ಪಶುವೈದ್ಯೆ. ಪ್ರಯೋಗಕ್ಕೆ ಬೇಕಾಗುವ ಬಿಳಿ ಇಲಿಗಳನ್ನು ಸಾಕುವ ಕಟ್ಟಡ ಅವಳ ಉಸ್ತುವಾರಿಯಲ್ಲಿತ್ತು. ಬೋರ್ಡಿನಲ್ಲಿ ಏನೇ ಬರೆದಿದ್ದರೂ ನಾವೆಲ್ಲ ಅದನ್ನು ಇಲಿಮನೆ ಎನ್ನುತ್ತಿದ್ದೆವು. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು, ಹೆಚ್ಚೂಕಮ್ಮಿ ಒಂದೇ ವಯಸ್ಸಿನವರು. ಹೋಲಿಕೆ ಬರುವುದಕ್ಕೆ ಇಷ್ಟು ಸಾಕು.

ಅವಳು ಎತ್ತರದ ಆಳು, ಅಗಲವಾದ ಅಂಗೈ. ಕುದುರೆ ಫಾರಂ ಇರುವ ಕುಣಿಗಲ್ ಸೀಮೆಯಲ್ಲಿ ಚಿಕ್ಕಂದಿನಿಂದ ಕುದುರೆ ನೋಡುತ್ತಾ ಬೆಳೆದವಳು. ಕುದುರೆ ಡಾಕ್ಟರಾಗಬೇಕೆಂದೇ ಪಶುವೈದ್ಯ ಓದಿದ್ದಂತೆ. "ಕುದುರೆ ಅಂತ ಹೊರಟೋಳು ಇಲಿಗೆ ಬಂದು ನಿಂತ್ಯಲ್ಲೇ" ಎಂದು ನಾನು ರೇಗಿಸಿದರೆ, "ಕುದ್ರೆ ಒದೀತದೆ ಕಣೇ. ಇವು ಬರೀ ಕಚ್ತವೆ, ನಿನ್ ಥರ" ಎನ್ನುತ್ತಿದ್ದಳು. ಇಲಿಯನ್ನು ನಾವೆಲ್ಲ ಬಾಲ ಹಿಡಿದು ಎತ್ತುತ್ತಿದ್ದೆವು. ಅವಳು ಪಂಜರದೊಳಗೆ ಬೊಗಸೆ ಇಟ್ಟು ಸುಮ್ಮನೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಲಿಯೇ ಬಂದು ಹತ್ತಿ ಕೂರುತ್ತಿತ್ತು. ನಾನೂ ಹಾಗೆ ಇಟ್ಟು ನೋಡಿದ್ದೇನೆ. ನನ್ನ ಕೈಗೆ ಬಂದ ಇಲಿ ಗ್ಲೌಸು ಹರಿದು ಬೆರಳಿಗೇ ಬಾಯಿ ಹಾಕಿತು.

ಇಲಿಮನೆಗೆ ಹೂ ಮುಡಿದು ಹೋಗುವ ಹಾಗಿರಲಿಲ್ಲ. ಪೌಡರು, ಸೆಂಟು ಯಾವುದೂ ಕೂಡದು. ವಾಸನೆಗೆ ತಾಯಿ ಇಲಿ ಗಾಬರಿಯಾಗಿ ಮರಿಗಳನ್ನು ತಿಂದುಬಿಡುತ್ತದೆ ಎನ್ನುತ್ತಿದ್ದಳು. ಬಾಗಿಲಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದಳು, ಶುಕ್ರವಾರ ನನ್ನ ಮಲ್ಲಿಗೆ ಅದರೊಳಗೆ ಹೋಗುತ್ತಿತ್ತು. ಬೆಂಗಳೂರಿನಿಂದ ದೊಡ್ಡ ಹೆಸರಿನ ಪ್ರೊಫೆಸರೊಬ್ಬರು ಘಮಘಮಿಸುತ್ತಾ ಬಂದಾಗ ಅವಳು ಅವರನ್ನು ಬಾಗಿಲಲ್ಲೇ ತಡೆದು, "ಸ್ನಾನ ಮಾಡ್ಕೊಂಡ್ ಬನ್ನಿ ಸಾರ್, ಹಿಂದೆ ಬಚ್ಚಲಿದೆ" ಅಂದಳು. ಅವರು ಮಾಡಿಕೊಂಡೇ ಬಂದರು. ಆ ಮನುಷ್ಯ ನನ್ನ ಪತ್ರಕ್ಕೆ ಉತ್ತರವನ್ನೇ ಬರೆಯುತ್ತಿರಲಿಲ್ಲ.

ತಿಥಿಯ ದಿನ ಎಲ್ಲರೂ ಅವಳದು ದೊಡ್ಡ ಮನಸ್ಸು ಅಂದರು. ಪಕ್ಕದಲ್ಲಿ ಕೂತು ಊಟ ಮಾಡಿದವರಿಗೆ ಬೇರೆಯದೂ ಗೊತ್ತು. ಕೇಳಿದರೆ ಪೆನ್ನು ಕೊಡುತ್ತಿರಲಿಲ್ಲ. ಉಪ್ಸಾರಿನ ಖಾರ ತಂದ ದಿನ ಬೇರೆಯವರ ಕೈ ಬರದಂತೆ ಡಬ್ಬಿಗೆ ಮೊಣಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಗುಬ್ಬಿಯವರಿಗೆ ಸಾರು ಮಾಡಲು ಬರುವುದಿಲ್ಲ ಎಂದು ನನ್ನೆದುರೇ ಎಷ್ಟು ಜನಕ್ಕೆ ಹೇಳಿದ್ದಾಳೋ. ಇಲಿಯ ವಿಷಯಕ್ಕೆ ಬಂದರೆ ಮಾತ್ರ ಆ ಕೈ ಬೇರೆಯೇ ಆಗುತ್ತಿತ್ತು.

ಅವಳ ಹೆಸರು ಹೊರಗೆ ಗೊತ್ತಾದದ್ದು ಸಕ್ಕರೆ ಇಲಿಯಿಂದ. ಅವಳು ಒಂದೊಂದು ಪಂಜರವನ್ನೂ ಒಂದೊಂದು ಮನೆ ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಕೋಣೆಗೆ ಬಂದು, "ಬಾರೇ ಇಲ್ಲಿ. ಈ ಮೂಲೆ ಮನೆಯೋರು ಯಾಕೋ ವಿಪ್ರೀತ ನೀರ್ ಕುಡೀತವ್ರೆ. ನಿನ್ನೆ ಹಾಸಿದ್ ಹೊಟ್ಟು ಇವತ್ತೇ ಒದ್ದೆ" ಅಂದಳು. ಹೋಗಿ ರಕ್ತ ತೆಗೆದು ನೋಡಿದೆ. ಸಕ್ಕರೆ ಏರಿತ್ತು. ಔಷಧ ಕೊಟ್ಟು ಕಾಯಿಲೆ ಬರಿಸಿದ ಇಲಿಗಳಲ್ಲ, ಕೊಬ್ಬು ತಿನ್ನಿಸಿದವೂ ಅಲ್ಲ. ಮನುಷ್ಯರಿಗೆ ಬರುವ ಹಾಗೆ ವಯಸ್ಸಾಗುತ್ತಾ ತಾನಾಗಿ ಸಕ್ಕರೆ ಕಾಯಿಲೆ ಬರುತ್ತಿದ್ದ ಒಂದು ವಂಶ ಅದು. ಸಕ್ಕರೆ ಕಾಯಿಲೆಗೆ ಮದ್ದು ಹುಡುಕುವವರಿಗೆ ಇಂಥ ಇಲಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಅವಳು ಆ ವಂಶವನ್ನು ಪೀಳಿಗೆಯಿಂದ ಪೀಳಿಗೆಗೆ ಜೋಡಿ ಮಾಡುತ್ತಾ ಗಟ್ಟಿ ಮಾಡಿದಳು. ಕಾಯಿಲೆ ಎಲ್ಲಿಂದ ಶುರುವಾಗುತ್ತದೆ, ಮನುಷ್ಯರಲ್ಲೂ ಅದು ಹಾಗೆಯೇ ಶುರುವಾಗುವುದೇ ಎಂದು ನಾನು ಹುಡುಕಿದೆ. ವರ್ಷಗಳೇ ಹಿಡಿದವು. ಬರೆಯುವ ಹೊತ್ತು ಬಂದಾಗ ಅವಳು ಕೈ ಎತ್ತಿಬಿಟ್ಟಳು. "ನೀನೇ ಬರಿ ಕಣೇ. ನಾನ್ ಬರ್ಯಕ್ ಕೂತ್ರೆ ಇಲಿಗಳು ಉಪವಾಸ. ನನ್ ಹೆಸ್ರು ಹಿಂದ್ಗಡೆ ಎಲ್ಲಾದ್ರೂ ಹಾಕು." ಹಾಗೆಯೇ ಆಯಿತು. ಮೊದಲ ಹೆಸರು ನನ್ನದು, ಎರಡನೆಯದು ಅವಳದು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ, ಬರೆದವರ ಹೆಸರು ಮೊದಲು ಬರುವುದು ವಾಡಿಕೆ.

ಪ್ರಬಂಧ ಅಚ್ಚಾದ ಮೇಲೆ ಇಲಿ ಕೇಳಿಕೊಂಡು ಜನ ಬರತೊಡಗಿದರು. ನಾನು ಕೊಡಬಾರದು ಅಂದೆ. ಇನ್ನೂ ಎಷ್ಟೋ ಪ್ರಯೋಗ ಬಾಕಿಯಿದೆ, ಕೊಟ್ಟರೆ ಅವರು ನಮಗಿಂತ ಮೊದಲು ಬರೆದುಬಿಡುತ್ತಾರೆ ಅಂದೆ. ಅವಳು ಪಂಜರ ತೊಳೆಯುತ್ತಲೇ ಉತ್ತರ ಹೇಳಿದಳು.

"ಪಕ್ಕದ್ಮನೆಯೋರು ಹೆಪ್ಪಿಗೆ ಅಂತ ಲೋಟ ಹಿಡ್ಕೊಂಡು ಬಂದ್ರೆ, ನಮ್ಮನೆ ಮೊಸ್ರು ಚೆನ್ನಾಗಾಗ್ಲಿ, ನಿಮ್ಮನೇದು ಆಮೇಲ್ ನೋಡನ ಅಂತೀಯಾ?"

ಕೊಟ್ಟಳು. ಗಂಡು ಹೆಣ್ಣು ಜೋಡಿ ಮಾಡಿ ಕೊಟ್ಟಳು. ಯಾರಿಗೆ ಕೊಟ್ಟೆ ಎಂದು ಬರೆದಿಟ್ಟುಕೊಳ್ಳಲೂ ಇಲ್ಲ, ಹೆಪ್ಪಿಗೆ ಯಾರಾದರೂ ಲೆಕ್ಕ ಇಡುತ್ತಾರೆಯೇ ಎನ್ನುವುದು ಅದಕ್ಕೂ ಉತ್ತರ. ಆದರೆ ಕೊಡುವ ಮುಂಚೆ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅವರ ಸಂಸ್ಥೆಯ ಎಥಿಕ್ಸ್ ಕಮಿಟಿ ಕೊಟ್ಟ ಅನುಮತಿ ಪತ್ರ ತೋರಿಸಬೇಕಿತ್ತು, ಅವರ ಇಲಿಮನೆಯನ್ನು ಅವಳು ಕಣ್ಣಾರೆ ನೋಡಬೇಕಿತ್ತು. ಹೋಗಿ ಸ್ಟೂಲಿನ ಮೇಲೆ ಕೂತು ಕಿವಿಗೊಟ್ಟು ಕೇಳುತ್ತಿದ್ದಳು. ಎಲ್ಲಾದರೂ ಫ್ಯಾನು ಕಿರುಗುಟ್ಟಿದರೆ, ಬಾಗಿಲು ದಡಾರನೆ ಹಾಕಿಕೊಂಡರೆ, "ಇದ್ ಸರಿ ಮಾಡ್ಸಿ, ಆಮೇಲ್ ಬರ್ತೀನಿ" ಎಂದು ಎದ್ದುಬಿಡುತ್ತಿದ್ದಳು.

ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ನನ್ನದೇ ಕಾರು, ನಾನೇ ಡ್ರೈವರು. ಒಂದು ಸಲ ಮೈಸೂರಿಗೆ ಇಲಿ ಒಯ್ಯಬೇಕಿತ್ತು. ಬಿಸಿಲೇರುವ ಮುಂಚೆ ತಲುಪಬೇಕೆಂದು ನಸುಕಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ಗಾಳಿಯಾಡುವ ಪೆಟ್ಟಿಗೆ, ಅದರ ಪಕ್ಕದಲ್ಲಿ ಅವಳು. ಎ.ಸಿ. ಜೋರಾಗಿತ್ತು, ನಾನು ಸೆರಗು ಹೊದ್ದುಕೊಂಡು ಸ್ಟೇರಿಂಗ್ ಹಿಡಿದಿದ್ದೆ. ರೇಡಿಯೊ ಹಾಕಿದೆ.

"ಆಫ್ ಮಾಡು."

"ನಿದ್ದೆ ಬರುತ್ತೆ ಕಣೇ."

"ಹಂಗಾರೆ ನಿಲ್ಸಿ ಮುಖ ತೊಳ್ಕೊ. ಅವಕ್ಕೆ ಸದ್ದು ಆಗಲ್ಲ."

ಕುಣಿಗಲ್‌ನಲ್ಲಿ ನಿಲ್ಲಿಸಿದೆ. ನಾನು ತಟ್ಟೆ ಇಡ್ಲಿ ತಿಂದು ಬಂದೆ, ಅವಳು ಕಾರಿನಿಂದ ಇಳಿಯಲಿಲ್ಲ. ಪಾರ್ಸಲ್ ತಂದುಕೊಟ್ಟರೆ ಚಟ್ನಿಯ ವಾಸನೆ ಎಂದು ಕಿಟಕಿಯ ಹೊರಗೆ ಕೈ ಹಾಕಿಕೊಂಡು ತಿಂದಳು. ದಾರಿಯುದ್ದಕ್ಕೂ ಅವಳು ಮಾತಾಡಿದ್ದೆಲ್ಲ ಪೆಟ್ಟಿಗೆಯ ಜೊತೆ. "ಇನ್ನೇನ್ ಬಂತು ಬುಡ್ರವ್ವ, ಹೊಸ ಮನೆ, ಚೆನ್ನಾಗದೆ" ಎಂದು ಪಿಸುಗುಡುತ್ತಿದ್ದಳು. ನನಗೆ ಆ ಇಲಿಗಳ ಮೇಲೂ ಹೊಟ್ಟೆ ಉರಿಯಿತು.

ನನ್ನ ಕೈಯಲ್ಲಿದ್ದ ಬಂಡವಾಳ ಒಂದೇ, ಸೈಟೇಷನ್. ನಮ್ಮ ಕೇಂದ್ರದಲ್ಲಿ ಅದನ್ನು ಮೊದಲ ಹೆಸರಿನವರ ಲೆಕ್ಕಕ್ಕಷ್ಟೇ ಹಿಡಿಯುತ್ತಿದ್ದರು, ಹಾಗಾಗಿ ಅದರಲ್ಲಿ ನಾನು ಅವಳಿಗಿಂತ ಬಹಳ ಮುಂದಿದ್ದೆ. ಮುಖ್ಯವಾಗಿ ಸಕ್ಕರೆ ಇಲಿಯ ಆ ಪ್ರಬಂಧ ಎಲ್ಲೆಲ್ಲಿಗೋ ಹೋಗಿ ಮುಟ್ಟಿತ್ತು. ಬೆಳಿಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ಆ ಅಂಕಿ ನೋಡುತ್ತಿದ್ದೆ. ಒಂದು ಏರಿದ್ದರೂ ಆ ದಿನದ ಕಾಫಿಗೆ ರುಚಿ ಹೆಚ್ಚು. ಟ್ರಸ್ಟಿನವರು ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸುವುದಕ್ಕೂ ಅದೇ ಅಳತೆಯಾದ್ದರಿಂದ ಶಾಲು ಬಹುಪಾಲು ನನಗೇ ಬರುತ್ತಿತ್ತು. ವೇದಿಕೆಯ ಮೇಲಿಂದ ನಾನು ಅವಳ ಮುಖ ಹುಡುಕುತ್ತಿದ್ದೆ. ಅವಳು ಕೊನೆಯ ಸಾಲಿನಲ್ಲಿ ಕೂತು ಮನಸ್ಸಿಟ್ಟು ಚಪ್ಪಾಳೆ ಹೊಡೆಯುತ್ತಿದ್ದಳು. ಅವಳಿಗೂ ಸ್ವಲ್ಪ ಉರಿದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಟ್ರಸ್ಟಿಗೆ ಹೊಸ ಅಧ್ಯಕ್ಷರು ಬಂದರು. ನಮ್ಮ ಗುಬ್ಬಿಯವರೇ, ಕೊಬ್ಬರಿ ವ್ಯಾಪಾರದ ಯಜಮಾನರು. ಇಲಿಮನೆಗೆ ಬೇಸಿಗೆ ಚಳಿ ಎನ್ನದೆ ಎ.ಸಿ. ಓಡಬೇಕು. ಕರೆಂಟಿನ ಬಿಲ್ಲು ಕಂಡು ಅವರಿಗೆ ತಲೆ ಸುತ್ತಿತು. ಇದರಿಂದ ಏನು ಉಪಯೋಗವಾಗಿದೆ ಎಂದು ಅಳೆದು ಹೇಳಿ, ಇಲ್ಲದಿದ್ದರೆ ಮುಚ್ಚಿಬಿಡೋಣ ಅಂದರು. ಅಳೆಯುವ ಕೆಲಸ ನನಗೆ ಬಂತು. ಮುಚ್ಚಿದರೆ ಸಕ್ಕರೆ ಇಲಿಯ ವಂಶ ಅಲ್ಲಿಗೆ ಮುಗಿದಂತೆ. ಯಾಕೆಂದರೆ ಒಯ್ದವರು ಯಾರೂ ಅದನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಯೋಜನೆ ಮುಗಿದಾಗ ಅವರ ಇಲಿಗಳೂ ಮುಗಿಯುತ್ತಿದ್ದವು, ಬೇಕಾದಾಗ ಮತ್ತೆ ಇವಳ ಬಾಗಿಲಿಗೆ ಬರುತ್ತಿದ್ದರು.

ಸುದ್ದಿ ಕೇಳಿದ ದಿನ ಅವಳು ಊಟದ ಡಬ್ಬಿ ತೆರೆಯಲಿಲ್ಲ. "ಸರಿಯಾಗ್ ಅಳಿಯೇ" ಅಂದಳು, ಅಷ್ಟೇ. ಅವಳು ನನ್ನನ್ನು ಬೇಡಿಕೊಂಡ ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಒಳಗೊಳಗೆ ಖುಷಿಯೂ ಆಯಿತು. ಊರಿಗೆಲ್ಲ ಹಂಚಿದ್ದರಿಂದ ಬಂದದ್ದೇನು ಎಂದು ಈಗ ಗೊತ್ತಾಗಲಿ, ಅದನ್ನು ನನ್ನ ಕೈಯಾರೆ ಬರೆಯುತ್ತೇನೆ ಅನ್ನಿಸಿತು.

ಅಳೆಯಲು ಕೂತ ಮೇಲೆ ಕಷ್ಟ ಗೊತ್ತಾಯಿತು. ಇಲಿ ಎಲ್ಲಿಂದ ಬಂತೆಂದು ಜನ ಬರೆಯುವುದೇ ಕಡಿಮೆ. ಔಷಧದ ಕಂಪನಿಯ ಹೆಸರು ಬರೆಯುತ್ತಾರೆ, ಯಂತ್ರದ ಹೆಸರು ಬರೆಯುತ್ತಾರೆ, ಇಲಿ ಮಾತ್ರ ಅವರ ಮನೆಯಲ್ಲೇ ಹುಟ್ಟಿದ ಹಾಗೆ. ಕೃತಜ್ಞತೆಯ ಸಾಲಿನಲ್ಲಿ ಹೆಂಡತಿಗೆ, ಗುರುಗಳಿಗೆ, ದೇವರಿಗೆ ಎಲ್ಲರಿಗೂ ಜಾಗವಿತ್ತು, ಇಲಿಮನೆಗೆ ಇರಲಿಲ್ಲ. ಅವಳಂತೂ ಬರೆದಿಟ್ಟವಳಲ್ಲ. ಕೊನೆಗೆ ಸಕ್ಕರೆ ಇಲಿಯ ಮೇಲೆ ಬಂದ ಬರಹ ಸಿಗುವುದು ಹೇಗೆ ಎಂದು ಯೋಚಿಸಿ, ನನ್ನದೇ ಪ್ರಬಂಧವನ್ನು ಯಾರು ಯಾರು ಹೆಸರಿಸಿದ್ದಾರೆ ಎಂದು ಒಂದೊಂದನ್ನೂ ತೆರೆದು ಓದತೊಡಗಿದೆ. ಇಷ್ಟು ವರ್ಷ ಅಂಕಿ ನೋಡಿದ್ದೆನೇ ಹೊರತು ಒಳಗೆ ಏನು ಬರೆದಿದ್ದಾರೆ ಎಂದು ನೋಡಿರಲಿಲ್ಲ.

ಓದುತ್ತಾ ಹೋದಂತೆ ನನ್ನ ಮುಖ ಸಣ್ಣದಾಯಿತು. ಕಾಯಿಲೆ ಎಲ್ಲಿಂದ ಶುರುವಾಗುತ್ತದೆ ಎಂದು ನಾನು ಬೆವರು ಸುರಿಸಿ ಕಂಡುಕೊಂಡದ್ದರ ಬಗ್ಗೆ ಹೆಚ್ಚಿನವರು ಒಂದು ಸಾಲೂ ಬರೆದಿರಲಿಲ್ಲ. 'ಇಂಥ ಇಲಿಗಳನ್ನು ಬಳಸಲಾಯಿತು' ಎನ್ನುವ ಸಾಲಿನ ಕೊನೆಗೆ ನನ್ನ ಪ್ರಬಂಧದ ಹೆಸರು, ಅಷ್ಟೇ. ಕಾಗದದ ಮೇಲೆ ವಿಳಾಸ ಬರೆದ ಹಾಗೆ. ನನ್ನ ಅಂಕಿ ಏರಿದ್ದು ನನ್ನ ಬುದ್ಧಿಯಿಂದಲ್ಲ, ಅವಳು ಕೊಟ್ಟ ಇಲಿಗಳಿಂದ. ಒಂದು ಜೋಡಿ ಇಲಿ ಹೋದಲ್ಲೆಲ್ಲ ನನಗೊಂದು ಸೈಟೇಷನ್ ಹುಟ್ಟಿತ್ತು.

ಹಾಗೆಂದು ಅಳತೆ ಬಿಡುವಂತಿರಲಿಲ್ಲ. ಬರೆದವರಿಗೆಲ್ಲ ಫೋನು ಮಾಡಿದೆ. ಈ ಇಲಿ ಸಿಗದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಹೊರದೇಶದಿಂದ ತರಿಸಲು ಶಕ್ತಿಯಿಲ್ಲದೆ ಕೆಲಸವನ್ನೇ ಕೈಬಿಡುತ್ತಿದ್ದೆವು ಎಂದವರು ಬಹಳ. ಹೈದರಾಬಾದಿನವರು ಇನ್ನೊಂದು ಮಾತು ಹೇಳಿದರು. ಮೈಸೂರಿನಲ್ಲೂ ಅವರಲ್ಲೂ ಒಂದೇ ವಂಶದ ಇಲಿ ಇದ್ದದ್ದರಿಂದ, ಒಂದೇ ಮದ್ದು ಎರಡು ಕಡೆ ಎರಡು ಥರ ಕೆಲಸ ಮಾಡಿದಾಗ ತಪ್ಪು ಇಲಿಯದಲ್ಲ ಎಂದು ಕೂಡಲೇ ಗೊತ್ತಾಯಿತಂತೆ. ಹಂಚಿಕೊಂಡ ಇಲಿಯ ಉಪಯೋಗ ಪ್ರಬಂಧಗಳ ಲೆಕ್ಕಕ್ಕಿಂತ ದೊಡ್ಡದು ಎಂದು ನನಗೆ ಆಗ ಹೊಳೆಯಿತು.

ಮೈಸೂರಿನವರು ಕೊನೆಗೆ ನಗುತ್ತಾ ಹೇಳಿದರು. "ನಿಮ್ ಪೇಪರ್ ಹಾಕ್ದೆ ಇರೋಕಾಗುತ್ತಾ ಮೇಡಂ? ನೀವು ಕಾರ್ ನಿಲ್ಸೋಕೆ ಹೋಗಿದ್ದಾಗ, ಪೆಟ್ಟಿಗೆ ಕೈಗೆ ಕೊಡ್ತಾ ಆಯಮ್ಮ ಹಾಕಿದ್ದು ಅದೊಂದೇ ಕಂಡೀಷನ್. 'ನಮ್ಮೋಳ ಪೇಪರ್ ಹೆಸ್ರು ಹಾಕ್ಲಿಲ್ಲ ಅಂದ್ರೆ ಮುಂದಿನ್ ಸಲ ಇಲಿ ಇಲ್ಲ' ಅಂದಿದ್ರು."

ಮತ್ತೆ ಕೆಲವರನ್ನು ಕೇಳಿದೆ. ಎಲ್ಲರಿಗೂ ಅದೇ ಮಾತು ಹೇಳಿದ್ದಳು.

ನಾನು ಸೀದಾ ಇಲಿಮನೆಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ನನ್ನದು ಅಂದುಕೊಂಡಿದ್ದ ಒಂದೇ ಒಂದು ಗೆಲುವು ಅವಳು ಹೇಳಿ ಮಾಡಿಸಿದ್ದು ಅಂದರೆ ಯಾರಿಗೆ ಉರಿಯುವುದಿಲ್ಲ?

"ಯಾಕೆ ಹಂಗೆ ಹೇಳ್ದೆ ಎಲ್ರಿಗೂ? ನಾನ್ ಕೇಳಿದ್ನಾ ನಿನ್ನ?"

ಅವಳು ತಿರುಗಿಯೂ ನೋಡದೆ ಪಂಜರದ ಮೇಲೆ ನೀರಿನ ಬಾಟಲಿ ಕೂರಿಸುತ್ತಿದ್ದಳು.

"ಮೆಲ್ಲಗ್ ಮಾತಾಡೇ, ಮರಿ ಹಾಕವ್ರೆ." ಆಮೇಲೆ ಹೇಳಿದಳು. "ಕಚ್ಚೋ ಇಲಿ ಪಂಜರಕ್ಕೆ ಒಂದಿಷ್ಟು ಟಿಶ್ಯೂ ಪೇಪರ್ ಹಾಕ್ತೀನಿ. ಅದು ಗೂಡ್ ಕಟ್ಕೊಂಡು ತನ್ ಪಾಡಿಗೆ ಇರ್ತದೆ. ನೀನು ಎಲ್ಲಾ ಕಮಿಟೀಲೂ ಇರೋಳು. ನಿನ್ ನಂಬರ್ ನೋಡ್ಕೊಂಡು ಖುಷಿಯಾಗಿದ್ರೆ ನನ್ ಇಲಿಗಳ ತಂಟೆಗೆ ಬರಲ್ಲ ಅಂದ್ಕೊಂಡೆ. ತಪ್ಪಾ?"

ನಾನು ಬೈಯಬೇಕೆಂದು ಬಾಯಿ ತೆರೆದೆ. ನಗು ಬಂತು, ಅವಳೂ ನಕ್ಕಳು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಅದೇ ಮಾತು ಕೊರೆಯುತ್ತಿತ್ತು. ಅವಳು ನನ್ನನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಳು, ನನಗೆ ಅವಳ ಬಗ್ಗೆ ಅದರ ಕಾಲು ಭಾಗವೂ ಗೊತ್ತಿರಲಿಲ್ಲ.

ವರದಿ ಬರೆದೆ. ಆ ಪ್ರಬಂಧದ ಸೈಟೇಷನ್ನುಗಳಲ್ಲಿ ಬಹುಪಾಲು ಇಲಿಮನೆಗೆ ಸೇರಬೇಕಾದವು, ಅವನ್ನು ಲೇಖಕಿಯ ಲೆಕ್ಕದಿಂದ ತೆಗೆದು ಅಲ್ಲಿಗೆ ಹಾಕಬೇಕು ಎಂದು ಬರೆದೆ. ಆ ಲೇಖಕಿ ನಾನೇ. ಹಾಗೆ ಬರೆಯದಿದ್ದರೆ ಇಲಿಮನೆಯ ಪಾಲಿಗೆ ತೋರಿಸಲು ಏನೂ ಇರಲಿಲ್ಲ. ಒಳ್ಳೆಯತನದಿಂದ ಬರೆದೆ ಎಂದು ಯಾರೂ ತಿಳಿಯಬಾರದು. ಹೊಟ್ಟೆಕಿಚ್ಚಿದೆ ಎಂದು ತಕ್ಕಡಿಗೆ ಕೈ ಹಚ್ಚುವವಳಲ್ಲ ನಾನು, ಅದು ನನ್ನ ಜಂಬ.

ಸಭೆಯ ದಿನ ಅವಳೂ ಬಂದಿದ್ದಳು. ಇಲಿಮನೆಯ ನೀಲಿ ಅಂಗಿಯಲ್ಲೇ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡೂ ಕೈಯನ್ನು ಮಡಿಲಲ್ಲಿ ಹೆಣೆದುಕೊಂಡಿದ್ದಳು. ನಾನು ಓದಿ ಮುಗಿಸಿದೆ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ವ್ಯಾಪಾರಸ್ಥರು, ಲೆಕ್ಕ ಬೇಗ ತಲೆಗೆ ಹೋಯಿತು.

"ಅಲ್ಲಾ ಮೇಡಂ, ಇಷ್ಟೆಲ್ಲ ಇಲಿಮನೇದೇ ಅಂದ್ರೆ ಮುಚ್ಚೋ ಮಾತೇ ಇಲ್ಲ, ನಡೀಲಿ ಬುಡಿ" ಎಂದರು. ಅವಳ ಕೈಗಳು ಬಿಚ್ಚಿಕೊಂಡವು. ಯಜಮಾನರು ನನ್ನ ಕಡೆ ನೋಡಿದರು. ಕೆಟ್ಟ ಮನಸ್ಸಿನಿಂದಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದರು. "ಹಂಗಾರೆ, ನಿಮ್ದು ಅಂತ ಏನ್ ಉಳೀತು ಮೇಡಂ?"

ಎಲ್ಲರೂ ನನ್ನನ್ನು ನೋಡಿದರು. ಶಾಲು ಹೊದಿಸಿದವರು, ಹೊದ್ದುಕೊಂಡ ನನ್ನನ್ನು ನೋಡಿದವರು, ಎಲ್ಲರೂ ಅಲ್ಲೇ ಇದ್ದರು. ಕೈಯಲ್ಲಿದ್ದ ಹಾಳೆಗಳನ್ನು ಸರಿ ಮಾಡಿಕೊಳ್ಳುತ್ತಾ ನಿಂತೆ.

ಬಾಗಿಲ ಪಕ್ಕದಿಂದ ಅವಳ ದನಿ ಬಂತು.

"ನಾನ್ ಬರೀ ಸಾಕ್ದೆ ಯಜಮಾನ್ರೇ. ಆ ಇಲಿಗೆ ಬಂದಿರೋ ಕಾಯ್ಲೆನೂ ಮನುಷ್ಯರಿಗೆ ಬರೋ ಕಾಯ್ಲೆನೂ ಒಂದೇ ಅಂತ ತೋರ್ಸಿದ್ದು ಇವ್ಳು. ಅದ್ ತಿಳ್ದಿದ್ದಕ್ಕೇ ಜನ ನಮ್ ಬಾಗ್ಲಿಗ್ ಬಂದಿದ್ದು. ಇಲ್ದಿದ್ರೆ ಅವನ್ನ ಕಾಯ್ಲೆ ಇಲಿ ಅಂತ ನಾನೇ ಎಂದೋ ತೆಗ್ದಾಕ್ಬುಡ್ತಿದ್ದೆ."

ಯಜಮಾನರು ತಲೆದೂಗಿ ಮುಂದಿನ ವಿಷಯಕ್ಕೆ ಹೋದರು.

ಅವಳು ಹೇಳಿದ್ದು ನಿಜ. ಇಷ್ಟು ವರ್ಷ ಯಾರಾದರೂ ನನ್ನ ಬಗ್ಗೆ ಹೇಳಲಿ ಎಂದು ನಾನು ಕಾದಿದ್ದ ಮಾತು ಅದೇ ಎಂದು ಕೇಳಿದ ಮೇಲೆ ಗೊತ್ತಾಯಿತು. ಅದನ್ನೂ ಅವಳೇ ಹೇಳಬೇಕಾಯಿತು. ಆ ಹೊಟ್ಟೆಕಿಚ್ಚು ಇನ್ನೂ ಇಳಿದಿಲ್ಲ.